ಪರವಾಗಿಲ್ಲ ಎಂಬುದಕ್ಕೆ ಎಷ್ಟು ಅಂಕ

ಸೊಹಾರಿನ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ
ಹನ್ನೆರಡು ಕುರ್ಚಿ, ಹನ್ನೆರಡು ಯಂತ್ರ,
ನನ್ನದೊಂದು ಸ್ಟೂಲು, ಮಡಿಲಲ್ಲಿ ಪ್ರಶ್ನಾವಳಿ.
ನಾನು ಸೂಜಿ ಚುಚ್ಚುವವಳಲ್ಲ, ಕೇಳುವವಳು.
ಆದರೂ ನನ್ನನ್ನು ಕಂಡೊಡನೆ ಕೆಲವರು ತೋಳು ಚಾಚುತ್ತಾರೆ.

ಐದು ಪ್ರಶ್ನೆ. ನಡೆಯಬಲ್ಲಿರಾ,
ನಿಮ್ಮ ಸ್ನಾನ ನೀವೇ ಮಾಡಬಲ್ಲಿರಾ,
ದಿನದ ಕೆಲಸ, ನೋವು, ಚಿಂತೆ.
ಪ್ರತಿಯೊಂದಕ್ಕೂ ಒಂದರಿಂದ ಐದು.
ಉತ್ತರಗಳನ್ನು ಒಂದು ಕೋಷ್ಟಕದಲ್ಲಿ ಇಳಿಸಿ ಹುಡುಕಿದರೆ
ಸಿಗುತ್ತದೆ ಬದುಕಿದ ಒಂದು ವರ್ಷದ ಬೆಲೆ,
ಸೊನ್ನೆಗೂ ಒಂದಕ್ಕೂ ನಡುವೆ ಎಲ್ಲೋ.

ಏಳನೇ ಕುರ್ಚಿ. ಹಸನಬ್ಬ, ಸಾಲೆತ್ತೂರಿನವರು,
ಬಂದರಿನಲ್ಲಿ ಹತ್ತೊಂಬತ್ತು ಬೇಸಗೆ
ಸ್ಕ್ಯಾಫೋಲ್ಡಿಂಗಿನ ಪೈಪು ಹೊತ್ತವರು.
ನನ್ನ ಮಾತಿನ ಎಳೆತ ಕೇಳಿ ‘ಪುತ್ತೂರಾ?’ ಎಂದರು.
ಆಮೇಲೆ ಫಾರ್ಮು ನನ್ನ ಹಿಡಿತದಲ್ಲಿ ಉಳಿಯಲಿಲ್ಲ.
ನಡೆಯಲಿಕ್ಕೆ ಆಗುತ್ತದಾ? ಪರವಾಗಿಲ್ಲ.
ನೋವು? ಪರವಾಗಿಲ್ಲ.
ಚಿಂತೆ? ನಕ್ಕರು. ಪರವಾಗಿಲ್ಲ ಸಿಸ್ಟರ್,
ಮಗಳ ನಿಖಾ ಆಯ್ತಲ್ಲ.

ಪರವಾಗಿಲ್ಲ ಅಂದರೆ ಒಂದೇ, ಮೂರೇ, ಐದೇ?
ನಮ್ಮಲ್ಲಿ ಗಂಜಿ ಸಾಕಾದರೂ ಪರವಾಗಿಲ್ಲ,
ಸಾಲದಿದ್ದರೂ ಪರವಾಗಿಲ್ಲ,
ಬಸ್ಸಲ್ಲಿ ಕಾಲು ತುಳಿದವನಿಗೆ ಪರವಾಗಿಲ್ಲ,
ಸಾವಿನ ಮನೆಗೆ ತಡವಾಗಿ ಬಂದವರಿಗೂ.
ಮೂರು ಎಂದು ಬರೆದೆ. ಪೆನ್ಸಿಲಿನಲ್ಲಿ.

ದಿನಕ್ಕೆ ಮುಕ್ಕಾಲು ಲೀಟರು ನೀರು, ಅಷ್ಟೇ.
ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂದು
ಶಾಲೆಯ ಗೋಡೆಯಲ್ಲಿ ಬರೆದಿತ್ತು, ಅವರದ್ದರಲ್ಲೂ ನನ್ನದರಲ್ಲೂ.
ತಿಂದ ಉಪ್ಪನ್ನೆಲ್ಲ
ಅಂಗಿಯ ಬೆನ್ನ ಮೇಲೆ ಬಿಳಿ ನಕ್ಷೆಯಾಗಿ ಬಿಟ್ಟುಕೊಟ್ಟವರಿಗೆ
ಈಗ ನೀರಿನ ರೇಷನ್ನು.
ಮಂಜುಗಡ್ಡೆಯ ಚೂರೊಂದನ್ನು ದವಡೆಗೆ ಒತ್ತಿಟ್ಟು
ಅಸರಿನಿಂದ ಮಗ್ರಿಬಿನ ತನಕ ದಾಟಿಸುತ್ತಾರೆ.

ವೆಚ್ಚದ ಹಾಳೆ ಬೇರೆ.
ಫಿಲ್ಟರು, ನಳಿಕೆ, ನರ್ಸಿನ ಗಂಟೆ, ಎಲ್ಲವೂ ಬೈಸಾದವರೆಗೆ.
ಮಸೀದಿಯ ಡಬ್ಬಿಯಿಂದ ಬಂದದ್ದಕ್ಕೆ ಕಾಲಂ ಇಲ್ಲ,
ಕ್ಯಾಂಪಿನ ಬಸ್ಸು ತಪ್ಪಿದ ದಿನ ಪುಕ್ಕಟೆ ಕರೆತಂದ
ಬಲೂಚಿ ಟ್ಯಾಕ್ಸಿಯವನಿಗೂ ಇಲ್ಲ.
ಡಾಕ್ಟರ್ ಶಮ್ಸಾ ಈ ಅಧ್ಯಯನಕ್ಕಿಟ್ಟ ಹೆಸರಿನಲ್ಲಿ
ರೋಗದ ಹೊರೆ ಎಂಬ ಮಾತಿದೆ. ಬಿಡಿಸಿ ಹೇಳಿದೆ.
‘ಹೊರೆಯಾ? ಎಷ್ಟು ಕಿಲೋ?’
ಹಸನಬ್ಬ ನೆಟ್ಟಗೆ ಕೂತರು, ತನಗೆ ಗೊತ್ತಿರುವ ಪಾಠ ಬಂದ ಹುಡುಗನಂತೆ.
‘ಇಬ್ಬರು ಹಿಡಿದರೆ ಅರ್ಧರ್ಧ ಅಲ್ಲ ಸಿಸ್ಟರ್.
ಮೆಟ್ಟಿಲು ಹತ್ತುವಾಗ ಭಾರವೆಲ್ಲ ಕೆಳಗಿನವನ ಕಡೆಗೇ.’

ಏಪ್ರಿಲಿನಲ್ಲಿ ಏಳನೇ ಕುರ್ಚಿಯಲ್ಲಿ ಬೇರೆ ಯಾರೋ.
ವೀಸಾ ಮುಗಿಯಿತಂತೆ. ಕೋಡ್ ಎಂಟು: ಸಂಪರ್ಕ ತಪ್ಪಿದೆ.
ನಮ್ಮ ನಕ್ಷೆಯಲ್ಲಿ ಯಾರಾದರೂ ಸತ್ತರೆ
ಗೆರೆ ಒಂದು ಮೆಟ್ಟಿಲು ಇಳಿಯುತ್ತದೆ.
ಊರಿಗೆ ಹೋದವರದು ಒಂದು ಸಣ್ಣ ಅಡ್ಡಗೀರು,
ಗೆರೆ ಇಳಿಯುವುದಿಲ್ಲ.
ಹಾಗಾಗಿ ನಮ್ಮ ಫಲಿತಾಂಶ ಚೆನ್ನಾಗಿದೆ.

ನಂಬರಿತ್ತು. ನಿಯಮದಲ್ಲಿ ಇರಲಿಲ್ಲ, ಆದರೂ ಹಚ್ಚಿದೆ.
ಮಗಳು ಎತ್ತಿದಳು, ಹಿಂದೆ ಕೋಳಿಯೊಂದು ಗಲಾಟೆ ಮಾಡುತ್ತಿತ್ತು.
ಬಾಪ ಡಯಾಲಿಸಿಸ್ಸಿಗೆ ಹೋಗಿದ್ದಾರೆ,
ಈಗ ವಾರಕ್ಕೆ ಎರಡೇ ಸಲ, ಬಸ್ಸು ಎರಡು ಬದಲಿಸಬೇಕು.
ಹೇಗಿದ್ದಾರೆ?
ಕೋಳಿಯನ್ನು ಅಟ್ಟಿ ಬಂದು ಹೇಳಿದಳು:
ಪರವಾಗಿಲ್ಲ.

ಷರಾ ಎಂಬ ಕಾಲಂನಲ್ಲಿ ಅದನ್ನೇ ಕನ್ನಡದಲ್ಲಿ ಟೈಪಿಸಿದೆ.
ಸಾಫ್ಟ್‌ವೇರು ನುಂಗಿ ಉಗುಳಿತು, ಸಾಲಾಗಿ ಖಾಲಿ ಚೌಕಗಳು.
ಶಮ್ಸಾ ಬಗ್ಗಿ ನೋಡಿದಳು. ಇದೇನು? ಓದಿ ಹೇಳಿದೆ.
‘ನನ್ನ ಅಜ್ಜಿಯೂ ಹೀಗೇ. ಏನು ಕೇಳಿದರೂ ಅಲ್‌ಹಮ್ದುಲಿಲ್ಲಾ.
ಹೋದ ವರ್ಷದ ಪಟ್ಟಿಯಲ್ಲಿ ಅವಳೂ ಇದ್ದಳು.’
ಎಷ್ಟು ಹಾಕಿದಿರಿ ಅವರಿಗೆ?
‘ಮೂರು.’

ಸಂಜೆ ಐದಕ್ಕೆ ದತ್ತಾಂಶಕ್ಕೆ ಬೀಗ.
ಚೌಕಗಳನ್ನು ಹಾಗೇ ಬಿಟ್ಟೆವು.