ಬಾಕಿಗೆ ಬಂದ ವಿಮಾನ

ಹನ್ನೊಂದು ಕ್ಯಾಪು, ಎರಡು ಪೂರ್ತಿ ಸೆಟ್ಟು.
ಆರು ತಿಂಗಳಿಂದ ಕೊಡದ ದುಡ್ಡಿನ ಬದಲಿಗೆ
ಡಾಕ್ಟರು ಕೊನೆಗೊಂದು ಪೆಟ್ಟಿಗೆ ಕಳಿಸಿದರು:
ಅವರ ಮಗ ಬಿಚ್ಚಿಯೂ ನೋಡದೆ ಬಿಟ್ಟ ಸ್ಪಿಟ್‌ಫೈರ್.
ಮುಚ್ಚಳದ ಮೇಲೆ ಬೆಂಕಿ, ಮೋಡ, ಓರೆಯಾದ ರೆಕ್ಕೆ;
ಒಳಗೆ ಚೌಕಟ್ಟಿಗೆ ಕಚ್ಚಿಕೊಂಡ
ಬೂದುಬಣ್ಣದ ನಾನೂರು ಚಿಲ್ಲರೆ ತುಂಡು.
"ಗಿಲ್ಬರ್ಟಣ್ಣ, ಇದನ್ನ ಮಾರಿದ್ರೆ
ಒಂದು ಮೂಟೆ ಪ್ಲಾಸ್ಟರೂ ಬರಲ್ಲ" ಅಂದ ಸಾದಿಕ್.

ದುರ್ಗಿಗುಡಿ, ಅಡ್ಡರಸ್ತೆ, ಮೊದಲ ಮಹಡಿ.
ಹಗಲು ಹಲ್ಲು. ಒಂಬತ್ತರ ಮೇಲೆ ವಿಮಾನ.
ಅದೇ ಮೇಜು, ಅದೇ ದೀಪ. ಬೆಳಿಗ್ಗೆ
ಯಾರದೋ ದವಡೆಹಲ್ಲಿನ ಕುಳಿ ತಿದ್ದಿದ ಡ್ರಿಲ್ಲು
ರಾತ್ರಿ ಫಿರಂಗಿಯ ಬಾಯಿ ಕೊರೆಯಿತು.
ಕೈಗೆ ಭೇದ ಗೊತ್ತಾಗಲಿಲ್ಲ.
ಗೊತ್ತಾಗಬೇಕಿತ್ತು ಅನ್ನಿಸಿತು, ಆಮೇಲೆ.

ಎಂಜಿನ್ನಿಗೇ ಆಷಾಢ ಶ್ರಾವಣ ಎರಡೂ ಹೋದವು.
ಬಣ್ಣ ಒಣಗದು; ಪಿಂಗಾಣಿ ಹಲ್ಲು ಸುಡುವ ಒಲೆ
ಆರುತ್ತ ಬಂದಾಗ ಅದರ ಪಕ್ಕಕ್ಕಿಟ್ಟು ಕಾಯುತ್ತಿದ್ದೆ.
ಹನ್ನೆರಡು ಸಿಲಿಂಡರು, ಆರಾರರ ಎರಡು ಸಾಲು,
ಸೀಳಿದ ಇಯರ್‌ಫೋನಿನಿಂದ ಎಳೆದ ತಾಮ್ರದ ಎಳೆ.
ಹೊದಿಕೆ ಮುಚ್ಚಿದರೆ ಯಾರಿಗೂ ಕಾಣದು.
"ಕಾಣದ್ದಕ್ಕೆ ಯಾಕಿಷ್ಟು?" ಜೆಸಿಂತಾ ಕೇಳಿದಳು.
"ಹಲ್ಲಿನ ಹಿಂಬದಿ ಯಾರು ನೋಡುತ್ತಾರೆ?"
"ನಾಲಿಗೆ" ಅಂದೆ.
"ಇದಕ್ಕೆಲ್ಲಿದೆ ನಾಲಿಗೆ" ಎನ್ನುತ್ತ
ನನ್ನ ಊಟ ಮುಚ್ಚಿಟ್ಟು ಹೋದಳು.

ಹೊಸದನ್ನು ಹಳತು ಮಾಡುವುದು ನನಗೆ ಬರುವ ವಿದ್ಯೆ.
ಬಸಮ್ಮಜ್ಜಿಗೆ ಬೆಳ್ಳನೆಯ ಸೆಟ್ಟು ಮಾಡಿಕೊಟ್ಟಾಗ
"ಇದು ಯಾರ ಬಾಯಪ್ಪಾ" ಎಂದು ವಾಪಸು ಕಳಿಸಿದ್ದಳು;
ಬುಡಕ್ಕೆ ಎಲೆಯಡಿಕೆಯ ಕರೆ ಹಚ್ಚಿದ ಮೇಲೇ ನಕ್ಕದ್ದು.
ಅದೇ ಕಂದು, ಈಗ ಹೊಗೆಕೊಳವೆಯ ಹಿಂದೆ.
ಕಾಲಿಟ್ಟು ಹತ್ತುವಲ್ಲಿ ಬಣ್ಣ ಸವೆದು ಬೆಳ್ಳಿ.
ಬರ್ಮಾದ ಮೇಲೆ ಹಾರಿದವಕ್ಕೆ
ವೃತ್ತದ ನಡುವಿನ ಕೆಂಪು ಅಳಿಸಿದ್ದರಂತೆ,
ಜಪಾನಿನ ಸೂರ್ಯನೆಂದು ತಮ್ಮವರೇ ಹೊಡೆದಾರೆಂದು.
ನಾನೂ ಅಳಿಸಿದೆ. ನೀಲಿಯೊಳಗೆ ತಿಳಿನೀಲಿ.

ಪೈಲಟ್‌ನ ತಲೆ ಬಟಾಣಿ ಕಾಳಿನಷ್ಟು.
ಬಾಯಿ ಮುಚ್ಚಿದ್ದಾನೆ.
ಇಪ್ಪತ್ತೆರಡು ವರ್ಷ
ಮುಖವಿಲ್ಲದ ಬಾಯಿಗಳ ಜೊತೆ ಕಳೆದವನಿಗೆ
ಬಾಯಿ ಬಿಡದ ಮುಖವನ್ನು ಏನು ಮಾಡಬೇಕೋ ತಿಳಿಯಲಿಲ್ಲ.
"ಎಷ್ಟು ಜನರನ್ನ ಕೊಂದಿರಬಹುದು ಇವನು?" ಸಾದಿಕ್.
ಒಳಗೆ ಕೂರಿಸಲಿಲ್ಲ.
ಮೇಣದ ಡಬ್ಬಿಯಲ್ಲಿದ್ದಾನೆ, ಇನ್ನೂ.

ಕೊನೆಯ ವಾರ ಬಾಲದ ಚಕ್ರ ಚಿಮಟದಿಂದ ಸಿಡಿಯಿತು.
ಹುಣಸೆಬೀಜದಷ್ಟು. ಟಾರ್ಚು, ಪೊರಕೆ,
ಮಂಡಿಯೂರಿ ಮೂವರೂ ನೆಲ ಹುಡುಕಿದೆವು.
ಸಿಕ್ಕಿದ್ದು ಎರಡು ಬಾಚಿಹಲ್ಲು, ಒಂದು ರೂಪಾಯಿ.
ಸೆಟ್ಟಿನ ಅಕ್ರಿಲಿಕ್ಕಿನಲ್ಲೇ ಎರಕ ಹೊಯ್ದೆ,
ಒಸಡಿನ ಗುಲಾಬಿ.
ಮೇಲೆ ಕಪ್ಪು ಬಳಿದೆ.

ಡಾಕ್ಟರು ಬಂದು ನೋಡಿ ಸುತ್ತು ಹಾಕಿದರು.
"ಇಷ್ಟು ಚೆನ್ನಾಗಿದೆ ಅಂದ್ರೆ ನಮ್ಮ ಹುಡುಗನಿಗೇ…"
"ಬಾಕಿ ಚುಕ್ತಾ ಮಾಡಿ ಒಯ್ಯಿರಿ ಸಾರ್" ಅಂದೆ.
ಆಮೇಲೆ ಈ ಕಡೆ ಬಂದಿಲ್ಲ.

ಒಂದು ಮೊಳ ರೆಕ್ಕೆ ಚಾಚಿ ನಿಂತಿದೆ ಈಗ
ಪ್ಲಾಸ್ಟರ್ ದವಡೆಗಳ ಕಪಾಟಿನಲ್ಲಿ.
ಸೋಗಾನೆಗೆ ಇಳಿಯುವ ನಿಜವಾದದ್ದು ಮೇಲೆ ಹಾದರೆ
ಗಾಜು ಸಣ್ಣಗೆ ನಡುಗುತ್ತದೆ. ಹಲ್ಲುಗಳೂ.

ಮೊನ್ನೆ ಹೊಳಲೂರಿನ ಮೇಷ್ಟ್ರೊಬ್ಬರ
ಕೆಳದವಡೆಯ ಅಚ್ಚು ಉಜ್ಜುತ್ತಿದ್ದೆ;
ಬಿಳಿಯೊಳಗಿಂದ ಬೂದುಬಣ್ಣದ ದುಂಡನೆಯ ಅಂಚು.
ಸಾದಿಕ್ ಪ್ಲಾಸ್ಟರು ಕಲಸುವಾಗ ಬಿದ್ದಿರಬೇಕು.
ಕೀಳಬಹುದಿತ್ತು.
ಹಲ್ಲಿನ ಸಾಲಿಗೇನೂ ತೊಂದರೆಯಿರಲಿಲ್ಲ.
ಮೇಷ್ಟ್ರ ಹೆಸರು, ತಾರೀಕು ಬರೆದು
ಕಪಾಟಿನಲ್ಲಿಟ್ಟೆ, ಬಾಲದ ಪಕ್ಕ.