ಹದಿನಾಲ್ಕನೇ ಕಾಲಂ

ದಿಲ್ಲಿಯಿಂದ ಒಂದು ನಮೂನೆ ಬಂದಿದೆ.
ಹತ್ತೊಂಬತ್ತು ಸೀಟಿನ ವಿಮಾನ ಇಳಿಯುವ ಕಡೆ
ಪ್ರಯಾಣಿಕರ ತಪಾಸಣೆ ಬೇಕೇ, ಬೇಡವೇ?
ಹದಿನಾಲ್ಕನೇ ಕಾಲಂ. ಕಾರಣಕ್ಕೆ ಎರಡು ಗೆರೆ ಜಾಗ.
"ನೀನೇ ತುಂಬು ಶೇವಂತಿ, ಅಕ್ಷರ ಚಂದ ನಿಂದು"
ಅಂದು ರಾಯ್ಕರ್ ಸಾಹೇಬರು ಊಟಕ್ಕೆ ಹೋದರು.

ಅಂಕೋಲೆಯ ಈ ಗೇರುಗುಡ್ಡದ ಮೇಲೆ
ಇವತ್ತು ಹಾರುವವರು ಏಳು ಜನ.
ಏಳಕ್ಕೆ ನಾವು ನಾಲ್ವರು, ಒಂದು ಯಂತ್ರ,
ಕದವಿಲ್ಲದ ಒಂದು ಬಾಗಿಲು.
ಬೆಲ್ಟಿನ ಬಕಲ್ಲು ಕಂಡರೆ ಅದು ಕೂಗುತ್ತದೆ.
ಸಿಟ್ಟು ದಾಟಿದರೆ ಸುಮ್ಮನಿರುತ್ತದೆ.

ನನ್ನ ತೆರೆಯ ಮೇಲೆ ಜಗತ್ತಿಗೆ ಮೂರೇ ಬಣ್ಣ.
ಕಬ್ಬಿಣ, ಹಿತ್ತಾಳೆ ನೀಲಿ.
ಜೀವ ಇದ್ದು ಹೋದದ್ದೆಲ್ಲ ಕಿತ್ತಳೆ:
ಒಣ ಸೆಟ್ಲಿ, ಅಪ್ಪೆಮಿಡಿ, ಹತ್ತಿ ಸೀರೆ, ಚಪ್ಪಲಿ.
ನಡುವಿನದು ಹಸಿರು, ಅದರ ಹೆಸರು ನನಗೂ ಸರಿಯಾಗಿ ಗೊತ್ತಿಲ್ಲ.

ಬೇಲೇಕೇರಿಯ ದೇವಮ್ಮಜ್ಜಿಯ ಚೀಲದಲ್ಲಿ
ಕಿತ್ತಳೆ ಬಟ್ಟಲು ಎಂಟು. ಒಣಕೊಬ್ಬರಿ.
ಹೈದರಾಬಾದಿನಲ್ಲಿ ಮಗಳು ಬಾಣಂತಿ.
ಎಣ್ಣೆ ಪದಾರ್ಥ ಅಜ್ಜಿ, ಬೆಂಕಿ ಹಿಡೀತದೆ, ಬಿಡೂದಿಲ್ಲ.
"ಕೊಬ್ಬರಿಗೆ ಬೆಂಕಿಯಾ? ತಲೆ ಸಮ ಇದ್ಯನೇ ನಿಂಗೆ?"
ಪರದೆಯ ಹಿಂದೆ ಸೊಂಟ ತಡವಿದರೆ ಕಚಗುಳಿಗೆ ನಕ್ಕಳು,
ನಕ್ಕು ಮತ್ತೆ ಬೈದಳು.
ಎಂಟೂ ಬಟ್ಟಲು ನನ್ನ ಪೆಟ್ಟಿಗೆಗೆ ಬಿದ್ದವು,
ಉಗುರು ಕತ್ತರಿ, ಲೈಟರು, ಮಗುವಿನ ನೀರಿನ ಪಿಸ್ತೂಲಿನ ಜೊತೆ.

ಬೆಳಿಗ್ಗೆ ನಾನು ಅಘನಾಶಿನಿಯಿಂದ ತದಡಿಗೆ
ಬಾರ್ಜಿನಲ್ಲಿ ದಾಟುತ್ತೇನೆ. ಅರವತ್ತು ಜನ,
ಇಪ್ಪತ್ತು ಬೈಕು, ಗ್ಯಾಸಿನ ಸಿಲಿಂಡರು,
ಬುಟ್ಟಿಯಲ್ಲಿ ಮೀನು ಕೊಯ್ಯುವ ಕತ್ತಿ, ಬಾಯಿ ಮೇಲಾಗಿ.
ಯಾರೂ ಯಾರ ಕಿಸೆಯನ್ನೂ ಮುಟ್ಟುವುದಿಲ್ಲ.
ಬಿದ್ದರೆ ಮಾತ್ರ ಸಾವೇ? ಮುಳುಗಿದರೆ ಅಲ್ಲವೇ?
ಹಾಗಾದರೆ ಬೇಡ ಎಂದು ಬರೆಯಬೇಕು.
ಪೆನ್ನು ತೆಗೆದೆ.

ಬಾರ್ಜಿಗಿಂತ ಮೊದಲು ಅಪ್ಪನ ದೋಣಿ ಇತ್ತು.
ಅವನ ತಪಾಸಣೆ ಎರಡೇ ಮಾತು:
ಯಾರ ಪೈಕಿ? ಎಲ್ಲಿಗೆ?
ಉತ್ತರ ಬಂದರೆ ಕೈಕೊಟ್ಟು ಹತ್ತಿಸಿಕೊಳ್ಳುತ್ತಿದ್ದ.

ಒಂದು ಸಂಜೆ, ಭರತ ಏರುವ ಹೊತ್ತು,
ಒಬ್ಬಳು ಬಂದಳು. ನಮ್ಮ ಕೇರಿಯವಳೇ.
ಗುರುತಿದ್ದದ್ದಕ್ಕೇ ಅಪ್ಪ ಏನೂ ಕೇಳಲಿಲ್ಲ.
ಮಡಿಲಲ್ಲಿ ಗಂಟು. ಅಕ್ಕಿ ಅಂದುಕೊಂಡ.
ದೋಣಿ ಒಂದು ಬೆರಳು ಹೆಚ್ಚೇ ಕೂತಿತ್ತು,
ಹುಟ್ಟಿಗೆ ಗೊತ್ತಾಗಿತ್ತು, ಅಪ್ಪನ ರಟ್ಟೆಗೂ.
ನಡುಹೊಳೆಯಲ್ಲಿ ಅವಳು ಎದ್ದು ನಿಂತಳು.

ಚಿರೆಕಲ್ಲಿನ ಚೂರುಗಳು.

ಅಪ್ಪನ ಕೈಗೆ ಕೂದಲು ಸಿಕ್ಕಿತು.
ಅವಳು ಇದ್ದಾಳೆ. ಬಳಚು ಮಾರುತ್ತಾಳೆ.
ಬಾರ್ಜಿನಲ್ಲಿ ಕೆಲವು ದಿನ ನನ್ನೆದುರೇ ಕೂರುತ್ತಾಳೆ,
ಸೇರಿಗೆ ಎರಡು ಹಿಡಿ ಹೆಚ್ಚು ಹಾಕುತ್ತಾಳೆ.

ಅಪ್ಪ ಮಾತ್ರ ಆಮೇಲೆ ಎಲ್ಲರನ್ನೂ ಕೇಳತೊಡಗಿದ:
ಮಡಿಲಲ್ಲಿ ಎಂತ? ಚೀಲದಲ್ಲಿ ಎಂತ?
ಭಟ್ಟರನ್ನೂ, ಮಾಸ್ತರರನ್ನೂ, ಮದುವೆ ದಿಬ್ಬಣವನ್ನೂ.
"ನಾವೇನು ಕಳ್ಳರೇ?" ಅಂದರು.
ಒಬ್ಬೊಬ್ಬರೇ ಬೀರನ ದೋಣಿಗೆ ಹೋದರು.
ಬೀರ ಏನೂ ಕೇಳುತ್ತಿರಲಿಲ್ಲ.
ಖಾಲಿ ದೋಣಿಯಲ್ಲಿ ಅಪ್ಪ ಎರಡು ಮಳೆಗಾಲ ಕೂತ,
ಕೇಳುವುದನ್ನು ಬಿಡಲಿಲ್ಲ.

ಇದೆಲ್ಲ ಎರಡು ಗೆರೆಗೆ ಹಿಡಿಯುವುದಿಲ್ಲ.
ಯಂತ್ರಕ್ಕೂ ಹಿಡಿಯುವುದಿಲ್ಲ: ಚಿರೆಕಲ್ಲಿಗೆ ಅದು
ಒಂದು ಬಣ್ಣ ಕೊಡುತ್ತದೆ, ಮುಂದಿನದು ನನ್ನ ಕೆಲಸ.

ಬರೆದೆ: ಬೇಕು.
ಎರಡನೇ ಗೆರೆಯಲ್ಲಿ: ಕೊಬ್ಬರಿ ಬಿಡಬಹುದು.

ಸಾಹೇಬರು ಬಂದು ಓದಿ, ಎರಡನೆಯದನ್ನು ಹೊಡೆದು ಹಾಕಿ
ಸಹಿ ಮಾಡಿದರು.
ಕಿಟಕಿಯಾಚೆ ವಿಮಾನ ತಿರುಗಿ ನಿಂತಿತ್ತು.
ಏಳು ಜನರ ಭಾರಕ್ಕೆ ಚಕ್ರದ ಮೇಲೆ
ಎಷ್ಟು ಬೆರಳು ಕೂತಿದೆ ಎಂದು
ನಾನು ಕಣ್ಣು ಕಿರಿದು ಮಾಡಿ ನೋಡಿದೆ.