ಕೋಣ್ ಪಾಹಿಜೆ

ಹಾಳೆಯ ಬಲತುದಿಯಲ್ಲಿ, ಕೆಳಗೆ, ಎರಡು ಪುಟ್ಟ ಮನೆ:
ಬರೆದವರು. ಪರಿಶೀಲಿಸಿದವರು.
ಹನ್ನೊಂದು ವರ್ಷದಿಂದ ಮೊದಲ ಮನೆಗೆ ನಾನು ಬಾಡಿಗೆ.
ಎರಡನೆಯದಕ್ಕೆ ಈ ಸೋಮವಾರ ಮೃಣ್ಮಯಿ ಬಂದಳು.
ಇಪ್ಪತ್ತಾರು, ಚುರುಕು, ಒಳ್ಳೆಯವಳು ಬೇರೆ;
ಕೆಟ್ಟವಳಾಗಿದ್ದರೆ
ಬೈದುಕೊಂಡಾದರೂ ನಿದ್ದೆ ಹೋಗಬಹುದಿತ್ತು.
ನನ್ನ ತಪ್ಪಿನ ಸುತ್ತ ಕೆಂಪು ಮೋಡ ಬರೆಯುತ್ತಾಳೆ,
ಮೋಡದ ಪಕ್ಕ ಸಣ್ಣಕ್ಷರದಲ್ಲಿ 'ಪ್ಲೀಸ್'.

ನಾನು ಬರೆದದ್ದು ಬಚ್ಚಲು, ಕಕ್ಕಸು, ಮೆಟ್ಟಿಲು,
ಟೈಲ್ಸಿನ ಲೆಕ್ಕ,
ನೀರು ಮೋರಿಯ ಕಡೆಗೇ ಹರಿಯಬೇಕಾದ ಇಳಿಜಾರು.
ಕಟ್ಟಡದ ಮುಖ ಬರೆಯುವವರು ಬೇರೆ.
ನನಗೆ ಕರುಳು ಕೊಟ್ಟರು.

ಹಿಂದಿನ ಬೆಂಚಿನ ನಚಿಕೇತ ಪೇಂಡ್ಸೆ
ಅಲಿಬಾಗಿನಲ್ಲಿ ಕಟ್ಟಿದ ಮನೆ ಪತ್ರಿಕೆಯಲ್ಲಿ ಬಂದಿದೆ:
ಅಂಗಳ, ಒಂದು ದೇವಕಣಗಿಲೆ, ಒಂದೇ ಒಂದು ಕುರ್ಚಿ.
ಒಗೆದ ಬಟ್ಟೆ ಎಲ್ಲಿ ಹರವುತ್ತಾರೋ ನೋಡೋಣವೆಂದು
ಹೊಟ್ಟೆಕಿಚ್ಚಿನಿಂದ ಪುಟಪುಟ ಹುಡುಕಿದೆ.
ಅದಕ್ಕೂ ಚಂದದ ಜಾಗ ಮಾಡಿದ್ದಾನೆ, ಹಾಳಾದವನು.

ಐದು ವರ್ಷದ ಓದು ನನಗೆ ಎಂಟಾಯಿತು.
ಸ್ಟ್ರಕ್ಚರ್ಸ್ ಪೇಪರಿನಲ್ಲಿ ಮೂರು ಸಲ
ನನ್ನ ತೊಲೆಗಳು ಮುರಿದು ಬಿದ್ದವು, ಸತ್ತವರು ಯಾರೂ ಇಲ್ಲ.
ಕಾಂಕ್ರೀಟಿಗೂ ಗಟ್ಟಿಯಾಗಲು ಇಪ್ಪತ್ತೆಂಟು ದಿನ ಬೇಕು ಕಣೇ,
ಎನ್ನುತ್ತಾಳೆ ಗೆಳತಿ.
ಗೊತ್ತು. ಇಪ್ಪತ್ತೆಂಟು ದಿನ.
ನನಗೆ ಮೂವತ್ತೇಳು ವರ್ಷ.

ಖಡಕಿಯಲ್ಲಿ ಸೀರೆಗೆ ಫಾಲ್ ಹೊಲಿಯುವ ಅವ್ವ
ಸೂಜಿಗೆ ದಾರ ಪೋಣಿಸುತ್ತ ಕೇಳಿದಳು:
"ನಾ ಹೊಲ್ದ ಸೀರಿ ಬಸ್ಸಿನ್ಯಾಗ ಕಂಡ್ರ
ಅಂಚು ನೋಡೇ ಗುರ್ತು ಹಿಡೀತೇನಿ.
ಇಷ್ಟ್ ದೊಡ್ಡ ಪುಣೇದಾಗ ನಿಂದು ಯಾವ್ದವಾ?"

ಭಾನುವಾರ ಧಾಯರಿಗೆ ಹೋದೆ,
ಎಂಟು ವರ್ಷದ ಹಿಂದೆ ಮೆಟ್ಟಿಲು ಬರೆದುಕೊಟ್ಟ ಕಟ್ಟಡಕ್ಕೆ.
ಕಾವಲುಗಾರ ಕುರ್ಚಿಯಿಂದ ಏಳದೆಯೇ: "ಕೋಣ್ ಪಾಹಿಜೆ?"

ಯಾರು ಬೇಕು ಅಂತ.
ಅವ್ವ ಈ ಊರಿಗೆ ಬಂದ ಹೊಸತರಲ್ಲಿ
ಬಾಗಿಲಿಗೆ ಹೋದಲ್ಲೆಲ್ಲ ಕೋಣ ಬೇಕೇನೆಂದು ಕೇಳುತ್ತಾರಲ್ಲ ಎಂದು
ಸೆರಗು ಬಾಯಿಗಿಟ್ಟು ನಕ್ಕಿದ್ದಳಂತೆ.
ಕೋಣ ಬೇಕಿಲ್ಲಪ್ಪ, ಬಂದಿದೆ,
ಬಿಸಿಲು, ಟ್ರಾಫಿಕ್ಕು ಎಲ್ಲ ದಾಟಿ ನಿಧಾನ ಬಂದು
ನಿನ್ನ ಗೇಟಿನ ಮುಂದೆ ನಿಂತಿದೆ,
ಅನ್ನಬೇಕೆನಿಸಿತು.
"ಜಿನಾ" ಅಂದೆ. ಮೆಟ್ಟಿಲು.
ಲಿಫ್ಟ್ ರಿಪೇರಿಯವಳೆಂದುಕೊಂಡು ಒಳಗೆ ಬಿಟ್ಟ.

ಎರಡನೇ ಮಹಡಿಯ ತಿರುವಿಗೆ
ಒಂಬತ್ತು ಇಂಚು ಹೆಚ್ಚು ಕೊಟ್ಟಿದ್ದೆ ಅಂದು.
ಕತ್ತರಿಸು ಅಂದರು, ಕತ್ತರಿಸಿದೆ.
ಪ್ರಿಂಟಿಗೆ ಹೋಗುವ ರಾತ್ರಿ ಯಾರಿಗೂ ಹೇಳದೆ
ಮತ್ತೆ ಸೇರಿಸಿದೆ.
ಈಗ ಅಲ್ಲಿ ಎರಡು ಚೀಲ ಮೇಥಿ ಹೊತ್ತ ಹೆಂಗಸು
ಉಸಿರಿಗೆ ನಿಂತಿದ್ದಳು.
ಮೇಲಿಂದ ಒಬ್ಬ ಖಾಲಿ ಸಿಲಿಂಡರ್ ಹಿಡಿದು ಇಳಿದ.
ಇಬ್ಬರೂ ಸರಿಯಲಿಲ್ಲ.
ಸರಿಯಬೇಕಾಗಲಿಲ್ಲ.

ಕಣ್ಣು ತುಂಬುವುದರಲ್ಲಿತ್ತು, ಆಗ
ಅವಳು ಮತ್ತೆ ಹತ್ತತೊಡಗಿದಳು,
ಮೂರನೆಯ ಮೆಟ್ಟಿಲಿಗೆ ಪಾದ ತುಸು ಹೆಚ್ಚು ಎತ್ತಿದಳು.
ಟೇಪು ಹಿಡಿದೆ: ಅರ್ಧ ಇಂಚು ಎತ್ತರ.
ನೆಲಹಾಸಿನ ದಪ್ಪ ಲೆಕ್ಕಕ್ಕೆ ಹಿಡಿಯದೆ
ಬರೆದವಳು ನಾನೇ, ನೋಡದೆ ಬಿಟ್ಟವರು ಯಾರೋ.
ಎಂಟು ವರ್ಷದಿಂದ ಆ ಕಾಲಿಗೆ
ನನ್ನ ತಪ್ಪು ಬಾಯಿಪಾಠ.

ರಾತ್ರಿ ಅವ್ವನಿಗೆ ಒಂಬತ್ತು ಇಂಚಿನ ಮಾತು ಹೇಳಲಿಲ್ಲ.
ಅರ್ಧ ಇಂಚಿನದು ಹೇಳಿದೆ.
"ಬಿಚ್ಚಿ ಹೊಲಿಯಾಕ ಬರೂದಿಲ್ಲೇನು?"
"ಬರೂದಿಲ್ಲವ್ವ."
ಅವಳು ದಾರವನ್ನು ಹಲ್ಲಿನಿಂದ ಕಡಿದು,
ಸೀರೆ ಕೊಡವಿ, ಮಡಚುತ್ತ:
"ಹಂಗಾರ ಅದು ನಿಂದ ಬಿಡು."